ಖಾಲಿ ಸೀಟಿನ ಕರ್ಚೀಫು

ಡಿಕಾಕ್ಷನ್ ಇಳಿಯಲು ಬಿಟ್ಟು, ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಆ ಚಿಕ್ಕ ಚೂರನ್ನು ಕಸದ ಡಬ್ಬಿಗೆ ಹಾಕುವ ಮುಂಚೆ ಕಿಟಕಿಯಾಚೆ ಒಮ್ಮೆ ನೋಡುವುದು ನನ್ನ ಬೆಳಗಿನ ಅಭ್ಯಾಸ. ಬ್ಯಾಟರಾಯನಪುರದ ನಮ್ಮ ಬೀದಿ ಕಿರಿದು. ಕೈ ಚಾಚಿದರೆ ಎದುರುಮನೆಯ ಮೊದಲ ಮಹಡಿಯ ಬಾಲ್ಕನಿ ಸಿಕ್ಕೀತೇನೋ ಎನ್ನುವಷ್ಟು. ಆ ಬಾಲ್ಕನಿಯಲ್ಲಿ ಎರಡು ಕುಂಡ, ಕಂಬಿಗೆ ಹಬ್ಬಿಸಿದ ಹಾಗಲಬಳ್ಳಿ, ಒಂದು ನೈಲಾನ್ ಹಗ್ಗ. ನಮ್ಮ ಕುಕ್ಕರು ಮೊದಲ ಸಲ ಕೂಗುವ ಹೊತ್ತಿಗೆ ಆ ಮನೆಯ ಮಿಸ್ ಹೊರಗೆ ಬಂದು, ಹಗ್ಗದ ಮೇಲಿನ ನಿನ್ನೆಯ ಕರ್ಚೀಫನ್ನು ತೆಗೆದು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಆಗಷ್ಟೇ ಒಗೆದ ಇನ್ನೊಂದನ್ನು ಕೊಡವಿ ಹರವಿ ಕ್ಲಿಪ್ಪು ಹಾಕುತ್ತಿದ್ದರು. ಗಂಡಸರು ಇಟ್ಟುಕೊಳ್ಳುವಂಥ ದೊಡ್ಡ ಚೌಕಳಿ ಕರ್ಚೀಫುಗಳು. ಆಮೇಲೆ ನನ್ನ ಕಿಟಕಿಯ ಕಡೆ ತಿರುಗಿ, ಕಾಫಿ ಆಯ್ತಾ ಎಂದು ಹೆಬ್ಬೆರಳು ತುಟಿಯ ಹತ್ತಿರ ತಂದು ಕೇಳುತ್ತಿದ್ದರು. ನಾನು ಲೋಟ ಎತ್ತಿ ತೋರಿಸುತ್ತಿದ್ದೆ.

ಅವತ್ತು ಕುಕ್ಕರು ಕೂಗಿತು. ಹಗ್ಗದ ಮೇಲೆ ನಿನ್ನೆಯ ಕರ್ಚೀಫೇ ಇತ್ತು, ನೀಲಿ ಚೌಕಳಿಯದು. ಒಂದು ಕ್ಲಿಪ್ಪು ಕಳಚಿಕೊಂಡು, ಇಬ್ಬನಿಗೆ ತೇವವಾಗಿ, ಒಂದೇ ಮೂಲೆಯಲ್ಲಿ ಜೋತುಬಿದ್ದಿತ್ತು.

ಮಿಸ್ ಇನ್ನೂ ಎದ್ದಿಲ್ಲವೇನೋ ಅಂದುಕೊಂಡೆ. ಕಾವೇರಿ ನೀರು ಬರುವ ದಿನ. ಸಂಪಿನ ಮುಚ್ಚಳ ಸರಿಸಿ ನೋಡಿದೆ, ನಲ್ಲಿ ಸಣ್ಣಗೆ ಗುನುಗುತ್ತಿತ್ತು. ಬೀದಿಯ ತುದಿ ಮಂಜಿನಲ್ಲಿ ಕರಗಿಹೋಗಿತ್ತು. ಯಲಹಂಕದ ಕಡೆಯಿಂದ ವಿಮಾನದ ಸದ್ದು ಮಾತ್ರ ಬಂತು, ವಿಮಾನ ಕಾಣಲಿಲ್ಲ. ನಮ್ಮನೆಯವರಿಗೆ ಡಬ್ಬಿ ಕಟ್ಟಿ ಕಳಿಸಿ ಪುದೀನ ಬಿಡಿಸುತ್ತ ಕೂತಿದ್ದಾಗ, ಎರಡೂ ಮನೆಗೆ ಕೆಲಸಕ್ಕೆ ಬರುವ ನಿಂಗಮ್ಮ ಗೇಟಿನ ಹತ್ತಿರ ನಿಂತು ಕರೆದಳು.

"ಅಕ್ಕಾ, ಮಿಸ್ಸಮ್ಮ ಬಾಗ್ಲು ತೆಗೀತಿಲ್ಲ ಕಣಕ್ಕ. ಬೆಲ್ಲು ಒತ್ತಿ ಒತ್ತಿ ಸಾಕಾಯ್ತು. ಇಂಗೆ ಯಾವತ್ತೂ ಮಲಗಿದ್ದೋರಲ್ಲ."

ಅವರ ಮನೆಯ ಇನ್ನೊಂದು ಬೀಗದಕೈ ನಮ್ಮ ದೇವರ ಗೂಡಿನ ಪಕ್ಕದ ಮೊಳೆಗೆ ನೇತಿರುತ್ತಿತ್ತು. ಅದನ್ನು ತೆಗೆದುಕೊಂಡು ಮೆಟ್ಟಿಲು ಹತ್ತುವಾಗ ನನ್ನ ಬೆರಳುಗಳಲ್ಲಿ ಇನ್ನೂ ಪುದೀನದ ವಾಸನೆ ಇತ್ತು. ಮಿಸ್ ಗೋಡೆಯ ಕಡೆ ಮುಖ ಮಾಡಿ, ಕೆನ್ನೆಯ ಕೆಳಗೆ ಒಂದು ಕೈ ಇಟ್ಟುಕೊಂಡು ಮಲಗಿದ್ದರು. ಕನ್ನಡಕ ಮಡಚಿ ದಿಂಬಿನ ಪಕ್ಕ ಇಟ್ಟಿತ್ತು. ನಿಂಗಮ್ಮ ಮುಟ್ಟಿ ನೋಡಿ, ಮೈ ತಣ್ಣಗಾಗೈತೆ ಕಣಕ್ಕ ಎಂದಳು.

ಅವರು ನನಗೆ ಪಾಠ ಹೇಳಿದವರಲ್ಲ. ಯಶವಂತಪುರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮೊದಲು ಟೈಪಿಂಗ್, ಆಮೇಲೆ ಕಂಪ್ಯೂಟರ್ ಕಲಿಸುತ್ತಿದ್ದರು. ನಮ್ಮ ಬೀದಿಗೆಲ್ಲ ಅವರು ಮಿಸ್. ಕಾನ್ವೆಂಟಿನಲ್ಲಿ ಓದಿದ ನನಗಂತೂ ಆ ಪದ ಬಾಯಿಗೆ ತಾನಾಗಿಯೇ ಬರುತ್ತಿತ್ತು. ನಮ್ಮ ಸಿಸ್ಟರ್‌ಗಳು ಯೂನಿಫಾರ್ಮಿನ ಎಡಗಡೆಗೆ ಸೇಫ್ಟಿ ಪಿನ್ನಿನಲ್ಲಿ ಕರ್ಚೀಫು ಚುಚ್ಚಿ ಕಳಿಸಲು ಹೇಳುತ್ತಿದ್ದರು. ಅದರಿಂದ ಮೂಗು ಒರೆಸಿಕೊಳ್ಳಬಹುದು ಎಂಬುದೇ ನನಗೆ ಬಹಳ ದಿನ ಗೊತ್ತಿರಲಿಲ್ಲ. ಅದೂ ಬ್ಯಾಡ್ಜಿನ ಹಾಗೆ ಒಂದು ಅಲಂಕಾರ ಅಂದುಕೊಂಡಿದ್ದೆ. ಕರ್ಚೀಫಿನಿಂದ ಏನೇನು ಮಾಡಬಹುದು ಎಂದು ನನಗೆ ಗೊತ್ತಾದದ್ದು ಮಿಸ್ ಸಿಕ್ಕ ಮೇಲೆ.

ಅವರು ಮೊದಲು ನಮ್ಮ ಮನೆಗೆ ಬಂದದ್ದು ಎರಡು ಸಾವಿರದ ಒಂಬತ್ತೋ ಹತ್ತೋ ಇರಬೇಕು. ನಾವು ಹಳೆಯ ಪ್ರಿಂಟರನ್ನು ಗುಜರಿಯವನಿಗೆ ಕೊಟ್ಟು ಹೊಸದು ತಂದಿದ್ದೆವು. ನನ್ನ ಮಗಳು ನದಿಗಳ ಪ್ರಾಜೆಕ್ಟನ್ನು ಪ್ರಿಂಟಿಗೆ ಕೊಟ್ಟರೆ ಕಂಪ್ಯೂಟರು ಅದನ್ನು ಗುಜರಿಗೆ ಹೋದ ಪ್ರಿಂಟರಿಗೇ ಕಳಿಸುತ್ತಿತ್ತು. ಹೊಸ ಪ್ರಿಂಟರು ಪಕ್ಕದಲ್ಲೇ ಹಸಿರು ದೀಪ ಹಚ್ಚಿಕೊಂಡು ಕಾಯುತ್ತ ಕೂತಿತ್ತು. ಮಗಳು ಅಳುವುದೊಂದು ಬಾಕಿ. ಎದುರುಮನೆ ಮಿಸ್‌ಗೆ ಹೇಳು ಎಂದು ಕೆಳಗಿನ ಮನೆಯವರು ಹೇಳಿದರು.

ಮಿಸ್ ಬರಿಗೈಯಲ್ಲಿ ಬಂದರು. ಸ್ಕ್ರೂಡ್ರೈವರಿಲ್ಲ, ಸಿಡಿ ಇಲ್ಲ. ಕೈ ತೊಳೆಯುವುದು ಎಲ್ಲಿ ಎಂದು ಕೇಳಿದರು. ಊಟಕ್ಕೆ ಕೂರುವವರ ಹಾಗೆ ಸೋಪು ಹಾಕಿ ಕೈ ತೊಳೆದು, ಸೊಂಟದ ಕರ್ಚೀಫಿನಿಂದ ಒಂದೊಂದೇ ಬೆರಳು ಒರೆಸಿಕೊಂಡು, ಆಮೇಲೆ ಕೀಬೋರ್ಡು ಮುಟ್ಟಿದರು. ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆದು, ಅದರಲ್ಲಿ ಉದ್ದದ ಒಂದು ಸಾಲನ್ನು ಕೀಬೋರ್ಡು ನೋಡದೆ ಟೈಪ್ ಮಾಡಿದರು. ಬೆರಳುಗಳು ಕೆಲಸ ಮಾಡುತ್ತಿದ್ದಾಗ ಅವರ ಕಣ್ಣು ನಮ್ಮ ಗೋಡೆಯ ಕ್ಯಾಲೆಂಡರಿನ ಮೇಲಿತ್ತು. ಇನ್ನೆಲ್ಲೋ ಹೋಗಿ, ಅಡಗಿರುವುದನ್ನು ತೋರಿಸು ಎನ್ನುವ ಕಡೆ ಒಂದು ಗುರುತು ಹಾಕಿದರು.

ಆಗ ಅವು ಒಂದೊಂದಾಗಿ ಎದ್ದು ಬಂದವು. ಮಸುಕು ಚಿತ್ರಗಳು. ಬೂದಿ ಬಣ್ಣದ, ಇದ್ದೂ ಇಲ್ಲದ ಹಾಗಿನ ಹೆಸರುಗಳು. ನಮ್ಮ ಹಳೆಯ ಪ್ರಿಂಟರು. ನನ್ನ ಮೈದುನ ಒಮ್ಮೆ ತಂದಿದ್ದ ಕ್ಯಾಮೆರಾ. ಮಗಳ ಗೆಳತಿಯ ಫೋನು. ಯಾರದೋ ಮದುವೆಯ ಫೋಟೋ ಕಾಪಿ ಮಾಡಿಕೊಳ್ಳಲು ಬಂದಿದ್ದವರ ಪೆನ್‌ಡ್ರೈವ್. ಎಷ್ಟೋ ವರ್ಷಗಳಲ್ಲಿ ನಮ್ಮ ಮನೆಗೆ ಬಂದು, ಕಾಫಿ ಕುಡಿದು, ಹೊರಟುಹೋದವರೆಲ್ಲ ಹೆಬ್ಬಾಳದ ಕೆರೆಯ ಮೇಲಿನ ಮಂಜಿನಲ್ಲಿ ಸಾಲಾಗಿ ನಿಂತ ಹಾಗೆ ನನಗೆ ಕಂಡಿತು.

"ಇವೆಲ್ಲ ಯಾರು ಮಿಸ್?" ಎಂದೆ. ಏನು ಎಂದು ಕೇಳಬೇಕಿತ್ತು; ಯಾರು ಎಂದೇ ಬಂತು.

"ಕರ್ಚೀಫು," ಎಂದರು. "ಬಸ್ಸಲ್ಲಿ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟ್ ಹಿಡೀತಾರಲ್ಲ, ಅದು. ಜನ ಇಳ್ದು ಹೋಗಿ ಯಾವ ಕಾಲ ಆಯ್ತೋ. ಕರ್ಚೀಫ್ ಹಾಗೇ ಬಿದ್ದಿದೆ. ಹೊಸದಾಗಿ ಹತ್ತಿದೋರಿಗೆ ಸೀಟಿಲ್ಲ ಕಣಮ್ಮ."

ಮೊದಲ ದಿನವೇ ಏಕವಚನ. ಅಮ್ಮ ಹೋದ ಮೇಲೆ ನನ್ನನ್ನು ಹಾಗೆ ಮಾತಾಡಿಸುವವರು ಕಡಿಮೆಯಾಗಿದ್ದರು, ಹಿತವಾಯಿತು. ಆಮೇಲೆ ಅವರು ವಿವರಿಸಿದ್ದು ಇಷ್ಟು. ಕಂಪ್ಯೂಟರಿಗೆ ಯಾವ ಸಾಮಾನು ಚುಚ್ಚಿದರೂ ಅದನ್ನು ನಡೆಸಲು ಒಂದು ಡ್ರೈವರ್ ಬೇಕು. ಆ ಸಾಮಾನಿನ ಹೆಸರು, ಅದರ ಡ್ರೈವರ್, ಅದಕ್ಕೆ ಕೊಟ್ಟ ಜಾಗದ ನಂಬರು, ಎಲ್ಲವನ್ನೂ ಕಂಪ್ಯೂಟರು ರಿಜಿಸ್ಟ್ರಿ ಎಂಬ ತನ್ನ ನೆನಪಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಸಾಮಾನನ್ನು ಕಿತ್ತು ಮಾರಿದರೂ ಬರೆದದ್ದು ಅಳಿಸುವುದಿಲ್ಲ. ಡ್ರೈವರ್ ಎಂದ ಕೂಡಲೇ ನನ್ನ ತಲೆಯಲ್ಲಿ ಖಾಕಿ ಶರಟಿನವರೊಬ್ಬರು ಕೂತುಬಿಟ್ಟರು. ಸೀಟು, ಕರ್ಚೀಫು, ಡ್ರೈವರು, ಎಲ್ಲ ಇದ್ದ ಮೇಲೆ ಕಂಪ್ಯೂಟರಿನೊಳಗೆ ಒಂದು ಬಸ್ಸೂ ಇರಲೇಬೇಕು ಎಂದು ಇವತ್ತಿಗೂ ನಂಬಿದ್ದೇನೆ.

ಹಳೆಯ ಪ್ರಿಂಟರಿನ ಹೆಸರು ಹೋಯಿತು. ಹೊಸ ಪ್ರಿಂಟರು ಗೊರಗೊರ ಎಂದು ನದಿಗಳನ್ನು ಒಂದೊಂದಾಗಿ ಹೊರಗೆ ತಳ್ಳಿತು. ಮಿಸ್ ಸಕ್ಕರೆ ಇಲ್ಲದ ಅರ್ಧ ಲೋಟ ಕಾಫಿ ಕುಡಿದು, ಮಗಳ ಪ್ರಾಜೆಕ್ಟಿನಲ್ಲಿ ಒಂದು ಕಾಗುಣಿತ ತಿದ್ದಿ, ಹೋದರು.

ಅವರ ಖ್ಯಾತಿ ಕ್ರಾಸಿನಿಂದ ಕ್ರಾಸಿಗೆ ಹಬ್ಬಿತ್ತು. ಕರ್ಚೀಫು ತೆಗೆಯುವುದು ಎನ್ನುವ ಮಾತೇ ನಮ್ಮ ಬೀದಿಯಲ್ಲಿ ಚಾಲ್ತಿಗೆ ಬಂತು. ಸ್ಕ್ಯಾನರು ಹಟ ಮಾಡಿದರೆ, ಮಿಸ್‌ನ ಕರೀರಿ, ಯಾವ್ದೋ ಕರ್ಚೀಫ್ ಇರಬೇಕು ಎನ್ನುತ್ತಿದ್ದರು. ಅವರಿಗೆ ಅವರದೇ ಕೆಲವು ಕಟ್ಟಳೆಗಳಿದ್ದವು. ಹಸಿದಿರುವಾಗ ರಿಜಿಸ್ಟ್ರಿ ತೆರೆಯಬಾರದು. ಯಾರ ಮೇಲಾದರೂ ಕೋಪ ಇದ್ದಾಗಲೂ ತೆರೆಯಬಾರದು, ಕೈ ಬೇಡದ್ದನ್ನೆಲ್ಲ ಅಳಿಸಿಬಿಡುತ್ತದೆ. ಮುಟ್ಟುವ ಮುಂಚೆ ಎಲ್ಲದರ ಒಂದು ನಕಲು ತೆಗೆದಿಡಬೇಕು. ಒಮ್ಮೆ ಅತ್ತೆ ಸೊಸೆ ಜಗಳವಾಡುತ್ತಿದ್ದ ಮನೆಗೆ ಹೋದವರು, ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, ನಾಳೆ ಬರ್ತೀನಿ, ಇವತ್ತು ನಿಮ್ಮನೇಲಿ ವೋಲ್ಟೇಜ್ ಜಾಸ್ತಿ ಇದೆ ಎಂದು ವಾಪಸಾದರಂತೆ.

ಇನ್ನೊಂದು ಪದ್ಧತಿ ಇತ್ತು. ಅದು ಹುಟ್ಟಿದ್ದು ಒಂದು ತಪ್ಪಿನಿಂದ. ಮೂಲೆಮನೆಯ ರಾಯರ ಕಂಪ್ಯೂಟರಿನಲ್ಲಿ ಮಸುಕಾಗಿದ್ದ ಹೆಸರುಗಳನ್ನೆಲ್ಲ ಮಿಸ್ ಒಂದು ಬೆಳಿಗ್ಗೆ ಗುಡಿಸಿ ಹಾಕಿದರು. ಅವುಗಳಲ್ಲಿ ರಾಯರ ಪ್ರಿಂಟರೂ ಒಂದು. ಅದು ಎಲ್ಲಿಗೂ ಹೋಗಿರಲಿಲ್ಲ. ಚಟ್ನಿ ರುಬ್ಬಲು ಯಾರೋ ಪ್ಲಗ್ಗು ಕಿತ್ತು ಆ ಜಾಗಕ್ಕೆ ಮಿಕ್ಸಿ ಹಾಕಿದ್ದರು, ಅಷ್ಟೇ. ಅವತ್ತೇ ಸಂಜೆ ಹುಡುಗನ ಕಡೆಯವರು ಮೊಮ್ಮಗಳ ಜಾತಕ ತೆಗೆದುಕೊಂಡು ಹೋಗಲು ಬಂದಿದ್ದಾರೆ, ಬಂದವರ ಮುಂದೆ ಜಾತಕ ಪ್ರಿಂಟಾಗಲು ಒಲ್ಲದು. ರಾಯರು ಪಂಚೆ ಎತ್ತಿ ಕಟ್ಟಿಕೊಂಡು ಮಿಸ್ ಮನೆಯ ಕೆಳಗೆ ಬಂದು ನಿಂತರು.

"ಮಿಸ್, ನನ್ ಪ್ರಿಂಟರ್ ಇನ್ನೂ ಬದುಕಿದೆ ಕಣ್ರೀ. ನೀವು ತಿಥಿ ಮಾಡ್ಬಿಟ್ಟಿದ್ದೀರಿ."

ಬೀದಿ ನಕ್ಕಿತು. ಮಿಸ್ ನಗಲಿಲ್ಲ. ಓಡಿಹೋಗಿ ತೆಗೆದಿಟ್ಟ ನಕಲಿನಿಂದ ಎಲ್ಲ ಸರಿಮಾಡಿಕೊಟ್ಟು ಬಂದರು. ಆ ಸಂಜೆ ಪಾರ್ಕಿನಲ್ಲಿ ನನ್ನ ಜೊತೆ ಕೂತಾಗಲೂ ಅದನ್ನೇ ಯೋಚಿಸುತ್ತಿದ್ದರು. ಮಸುಕಾಗಿದೆ ಎಂದರೆ ಸತ್ತಿದೆ ಎಂದಲ್ಲ, ಈಗ ಊರಲ್ಲಿಲ್ಲ ಎಂದಷ್ಟೇ. ನಾಳೆ ಬರುವವರೂ ಇನ್ನು ಬಾರದವರೂ ನೋಡಲು ಒಂದೇ ಥರ ಇರ್ತಾರಲ್ಲ, ಹೇಗೆ ಹೇಳೋದು ಎಂದು ನನ್ನನ್ನೇ ಕೇಳಿದರು.

ಅಲ್ಲಿಂದ ಮುಂದೆ ಅವರು ಯಾವ ಮನೆಯಲ್ಲಿ ಯಾವ ಹೆಸರನ್ನು ತೆಗೆಯುವಾಗಲೂ ಮೊದಲು ಕೇಳುತ್ತಿದ್ದರು. ಬಸ್ಸಿನಲ್ಲಿ ಹೆಂಗಸರು ಕೇಳುತ್ತಾರಲ್ಲ, ಸೀಟಿನ ಮೇಲೆ ಕರ್ಚೀಫು ಕಂಡಾಗ, ಪಕ್ಕದವರನ್ನು? ಅದೇ ಮಾತು, ಅದೇ ದನಿ. "ಇಲ್ಲಿ ಯಾರಾದ್ರೂ ಬರ್ತಾರಾ?" ಮನೆಯವರು ಯೋಚಿಸಿ, ಇಲ್ಲ ಮಿಸ್, ಅದು ನಮ್ಮ ಭಾವಂದು, ಅವರದನ್ನ ಮಾರಿಬಿಟ್ರು ಎಂದೋ, ತಡೀರಿ, ಅದು ರಿಪೇರಿಗೆ ಹೋಗಿದೆ, ಬರತ್ತೆ ಎಂದೋ ಹೇಳಬೇಕು. ಹೇಳಿದ ಮೇಲೆಯೇ ಒತ್ತುತ್ತಿದ್ದರು. ಮನೆಯಲ್ಲಿ ಉತ್ತರ ಹೇಳುವವರು ಯಾರೂ ಇಲ್ಲದಿದ್ದರೆ ಆ ಹೆಸರನ್ನು ಮುಟ್ಟುತ್ತಲೇ ಇರಲಿಲ್ಲ. ಕೇಳಿದವರೇ ಉತ್ತರ ಹೇಳ್ಕೋಬಾರದು ಎನ್ನುವುದು ಅವರ ಕಟ್ಟುನಿಟ್ಟು.

ಕರ್ಚೀಫಿನ ಕಥೆ ಅವರ ಅಕ್ಕನದು.

ಅವರಿಬ್ಬರೇ ಆ ಮನೆಯಲ್ಲಿದ್ದದ್ದು. ಅಕ್ಕ ಯಶವಂತಪುರದ ಮಾರುಕಟ್ಟೆಯ ಹಿಂದಿನ ಒಂದು ಅಂಗಡಿಗೆ ಸೀರೆಗೆ, ರವಿಕೆಗೆ ಕಸೂತಿ ಹಾಕಿಕೊಡುತ್ತಿದ್ದರು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಬೆಳಿಗ್ಗೆ ಇಬ್ಬರೂ ಜೊತೆಗೆ ಹೊರಡುತ್ತಿದ್ದರು. ಹೆಬ್ಬಾಳದಲ್ಲಿ ಬಸ್ಸು ಬದಲಿಸಬೇಕು. ಬಸ್ಸು ನಿಲ್ಲುವ ಮುಂಚೆಯೇ ಮಿಸ್ ಓಡಿ ಕಿಟಕಿಯಿಂದ ಕರ್ಚೀಫು ಎಸೆಯುವುದು, ಆಮೇಲೆ ಹಿಂದೆ ಬಂದು ಅಕ್ಕನ ಕೈ ಹಿಡಿದು ಹತ್ತಿಸುವುದು. ಚಿಕ್ಕ ಕರ್ಚೀಫು ಗಾಳಿಗೆ ಹಾರಿಹೋಗುತ್ತದೆ ಎಂದು ಗಂಡಸರ ಕರ್ಚೀಫು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಬಸ್ಸು ನಿಂತೇ ನಿಲ್ಲುತ್ತಿತ್ತು. ಅಲ್ಲಿ ಲಾರಿಗಳ ಹೊಗೆಯ ನಡುವೆ ಅಕ್ಕ ಕಿಟಕಿಯ ಗಾಜಿನ ಮೇಲೆ ಬೆರಳಿಂದ ಬಳ್ಳಿ ಬರೆಯುತ್ತಿದ್ದರಂತೆ, ಅವತ್ತು ಹಾಕಬೇಕಾದ ಬಳ್ಳಿ. ಸಿಗ್ನಲ್ ಬಿಡುವಷ್ಟರಲ್ಲಿ ಒಂದು ಎಲೆಯಾದರೂ ಆಗಿರುತ್ತಿತ್ತು.

ನಾನು ಅಕ್ಕನನ್ನು ನೋಡುವ ಕಾಲಕ್ಕೆ ಅವರ ಬಲಗೈ ನಡುಗಲು ಶುರುವಾಗಿ, ಸೂಜಿ ಬಿಟ್ಟು ಮನೆಯಲ್ಲೇ ಕೂತಿದ್ದರು. ಕಡಿಮೆ ಮಾತು, ಚೂಪು ಮಾತು. ನನ್ನ ರವಿಕೆಯ ತೋಳು ನೋಡಿ, ಈ ಟೈಲರ್‌ಗೆ ನಿನ್ ಮೇಲೆ ಏನ್ ಸಿಟ್ಟು ಎಂದು ಕೇಳಿದ್ದರು. ಅಕ್ಕ ಕೈಕಟ್ಟಿ ಕೂರುವುದನ್ನು ನೋಡಲಾರದೆ ಮಿಸ್ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನು ತಂದರು. ಅಕ್ಕ ದೊಡ್ಡ ಕಾಗದದ ಮೇಲೆ ಎಡಗೈಯಲ್ಲಿ ಬರೆಯುವುದು. ಮಿಸ್ ಅದನ್ನು ಕಂಪ್ಯೂಟರಿಗೆ ಇಳಿಸುವುದು. ಕಂಪ್ಯೂಟರಿನಿಂದ ಒಂದು ಕೇಬಲ್ಲಿನ ಮೂಲಕ ಬಳ್ಳಿ ಮಷೀನಿಗೆ ಹೋಗುವುದು. ಸೂಜಿ ಟಕಟಕ ಎಂದು ಬಟ್ಟೆಗೆ ಹಾಕುವುದು. ಆ ಕೇಬಲ್ಲನ್ನು ಮೊದಲ ಸಲ ಚುಚ್ಚಿದಾಗ ಪರದೆಯ ಮೇಲೆ ಅದಕ್ಕೊಂದು ಉದ್ದದ ಒಡ್ಡೊಡ್ಡಾದ ಹೆಸರು ಬಂತು. ಇದೇನಿದು ಲಾರಿ ನಂಬರ್ ಪ್ಲೇಟ್ ಥರ, ನನ್ ಹೆಸರೇ ಇಡು ಎಂದರಂತೆ ಅಕ್ಕ. ಮಿಸ್ ರಿಜಿಸ್ಟ್ರಿಯೊಳಗೆ ಹೋಗಿ ಆ ಹೆಸರು ಅಳಿಸಿ 'ಅಕ್ಕ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರು.

ಮಿಸ್ ಯಾವತ್ತೂ ಕಸೂತಿಯದ್ದು ಉಟ್ಟವರಲ್ಲ. ಎಲ್ಲರ ಸೀರೆಗೂ ಹಾಕಿದೆ, ಮನೇಲಿರೋಳಿಗೆ ಒಂದಿಲ್ಲ ಎಂದು ಅಕ್ಕ, ತಂಗಿ ರಿಟೈರಾಗುವ ದಿನಕ್ಕೆಂದು ಒಂದು ಬೂದು ಬಣ್ಣದ ಕಾಟನ್ ಸೀರೆ ತರಿಸಿದರು. ಅಂಚಿಗೆ ಹಾಗಲಬಳ್ಳಿ. ಬಾಲ್ಕನಿಯಲ್ಲಿರುವುದೇ; ಎಳೆ ಕಾಯಿ, ಸುರುಳಿ ಬಳ್ಳಿ, ಹಳದಿ ಹೂವು, ಹೂವಿನ ಮೇಲೆ ಒಂದೊಂದು ಕಡೆ ಇರುವೆ. ಇರುವೆ ಯಾಕಕ್ಕ ಎಂದು ನಾನು ಕೇಳಿದ್ದೆ. ಇದೆಯಲ್ಲ, ಅದಕ್ಕೆ ಎಂದಿದ್ದರು. ಬಳ್ಳಿ ಪೂರ್ತಿ ಬರೆದಾಗಿತ್ತು. ಮಷೀನಿನಲ್ಲಿ ಅಂಚು ಅರ್ಧ ಮುಗಿದಿತ್ತು. ಒಂದು ಮಧ್ಯಾಹ್ನ ಊಟವಾದ ಮೇಲೆ ಮಲಗಿದ ಅಕ್ಕ ಏಳಲಿಲ್ಲ.

ಮಿಸ್ ಸೀರೆಯನ್ನು ಮಡಿಸಿ ಬೀರುವಿನಲ್ಲಿಟ್ಟರು. ಮಷೀನಿನ ಮೇಲೆ ಒಂದು ಹಳೆಯ ದುಪ್ಪಟಿ ಹೊದಿಸಿದರು. ಶಾಲೆಗೆ ಒಬ್ಬರೇ ಹೋಗಿ ಬಂದರು. ಎಲ್ಲರ ಮನೆಯ ಕರ್ಚೀಫು ತೆಗೆದರು, ಎಲ್ಲರ ಮನೆಯಲ್ಲೂ ಅರ್ಧ ಲೋಟ ಕಾಫಿ ಕುಡಿದರು. ಸಂಜೆ ಪಾರ್ಕಿನ ಸಿಮೆಂಟು ಬೆಂಚಿನಲ್ಲಿ ನಾವಿಬ್ಬರೂ ಕೂರುವುದು ರೂಢಿಯಾಯಿತು. ವಾಕಿಂಗಿನವರು ಬಂದು ಕೂತುಬಿಡುತ್ತಾರೆಂದು ಮೊದಲು ಬಂದವರು ಬೆಂಚಿನ ಮೇಲೆ ಏನಾದರೂ ಇಡಬೇಕು. ಮಿಸ್ ಕರ್ಚೀಫು ಇಡುತ್ತಿದ್ದರು. ನಾನು ಸ್ವೆಟರೋ ಸೊಪ್ಪಿನ ಚೀಲವೋ. ಏರ್‌ಪೋರ್ಟ್ ರಸ್ತೆಯ ವಾಹನಗಳ ಸದ್ದು ದೂರದಲ್ಲಿ ನೀರಿನ ಸದ್ದಿನ ಹಾಗೆ ಕೇಳುತ್ತಿತ್ತು. ಆ ಹೊತ್ತಿನ ಬೆಳಕಿನಲ್ಲಿ ಎಲ್ಲರ ಮುಖವೂ ಸ್ವಲ್ಪ ಮಸುಕಾಗಿ, ಯಾರು ಬರುತ್ತಿದ್ದಾರೆ ಯಾರು ಹೋಗುತ್ತಿದ್ದಾರೆ ತಿಳಿಯುತ್ತಿರಲಿಲ್ಲ.

ಅವರ ರಿಟೈರ್ಮೆಂಟು ಹತ್ತಿರ ಬಂದಾಗ ಒಂದು ದಿನ ತಾವಾಗಿಯೇ ಆ ಸೀರೆಯ ಮಾತೆತ್ತಿದರು. ಕೊನೆಯ ದಿನ ಅದನ್ನೇ ಉಡಬೇಕು. ಅಕ್ಕ ಇಟ್ಟುಕೊಂಡಿದ್ದ ಆಸೆ ಅದೊಂದೇ. ದುಪ್ಪಟಿ ತೆಗೆದು ನೋಡಿದರೆ ಕೇಬಲ್ಲನ್ನು ಇಲಿ ಕಡಿದುಹಾಕಿತ್ತು. ಹೊಸ ಕೇಬಲ್ ತಂದರು. ಮಷೀನು ಮಾತಾಡಲಿಲ್ಲ. ಕೇಬಲ್ಲೇ ಸರಿಯಿಲ್ಲ ಎಂದು ಅಂಗಡಿಗೆ ವಾಪಸು ಕೊಟ್ಟು ಬೇರೆ ತಂದರು. ಆಗಲೂ ಇಲ್ಲ. ಮಷೀನಿನ ಸಾಫ್ಟ್‌ವೇರ್ ಕೆಟ್ಟಿರಬೇಕು ಎಂದರು. ಇನ್ನೊಂದು ದಿನ, ಕರೆಂಟು ಸರಿಯಾಗಿಲ್ಲ ಎಂದರು. ದಿನಗಳು ಹೋಗುತ್ತಿದ್ದವು. ಊರಿನವರ ಮಷೀನುಗಳನ್ನೆಲ್ಲ ಗಳಿಗೆಯಲ್ಲಿ ಸರಿಮಾಡುವವರಿಗೆ ತಮ್ಮದೇ ಒಂದು ಕೇಬಲ್ಲಿನ ವಿಷಯ ಏಕೆ ತಿಳಿಯುತ್ತಿಲ್ಲ ಎಂದು ನನಗೆ ಆಶ್ಚರ್ಯ. ಒಂದು ಭಾನುವಾರ ಬೆಳಿಗ್ಗೆ, ಕೊನೆಯ ದಿನಕ್ಕೆ ಇನ್ನು ಒಂದು ವಾರವೂ ಇಲ್ಲ ಎನ್ನುವಾಗ, ಬಟ್ಟೆಯ ರಿಂಗು ಹಿಡಿದುಕೊಳ್ಳಲು ನನ್ನನ್ನು ಕರೆದರು.

ಕೈ ತೊಳೆದು ಬಂದು ಕೂತರು. ಕಪ್ಪು ಕಿಟಕಿ ತೆರೆದರು. ಅಡಗಿರುವುದನ್ನು ತೋರಿಸು ಎಂದರು. ಅವರ ಕಂಪ್ಯೂಟರಿನಲ್ಲಿ ಮಸುಕಾದದ್ದು ಹೆಚ್ಚೇನೂ ಇರಲಿಲ್ಲ, ಒಂದೇ ಹೆಸರು. ಅದನ್ನು ಓದಿದಾಗ ನನಗೆ ಎಲ್ಲ ಅರ್ಥವಾಯಿತು.

ಮಿಸ್ ಪಾಠ ಹೇಳುವ ದನಿಯಲ್ಲಿ ಹೇಳಿದರು. ಆ ಮಷೀನಿನ ಸಾಫ್ಟ್‌ವೇರು ಬಹಳ ಹಳೆಯದು. ಮುಂದಿನ ನಾಲ್ಕು ನಂಬರಿನ ಸೀಟು ಬಿಟ್ಟು ಹಿಂದಕ್ಕೆ ತಿರುಗಿಯೂ ನೋಡುವುದಿಲ್ಲ. ಮೊದಲ ಮೂರರಲ್ಲಿ ಕಂಪ್ಯೂಟರಿನ ಸ್ವಂತದವರೇ ಕೂತಿದ್ದಾರೆ, ಅವರನ್ನು ಏಳಿಸುವಂತಿಲ್ಲ. ನಾಲ್ಕನೆಯದರಲ್ಲಿ ಹಳೆಯ ಕೇಬಲ್ಲಿನ ಹೆಸರಿದೆ. ಹೊಸ ಕೇಬಲ್ಲಿಗೆ ಹಿಂದಿನ ಸೀಟು ಸಿಕ್ಕಿದೆ. ಮಷೀನು ಅಲ್ಲಿಯವರೆಗೆ ಬಂದು ನೋಡುವುದಿಲ್ಲ. ಅಂದರೆ ಅಕ್ಕನ ಬಳ್ಳಿ ಮುಗಿಯಬೇಕಾದರೆ ಅಕ್ಕನ ಹೆಸರು ಹೋಗಬೇಕು.

"ಮೊದಲ್ನೇ ದಿನಾನೇ ಗೊತ್ತಿತ್ತು," ಎಂದರು. "ಎರಡೆರಡು ಕೇಬಲ್ ತಂದೆ ನೋಡು, ದಡ್ಡಿ ಥರ."

ನಕಲು ತೆಗೆದಿಟ್ಟರೆ ಆಮೇಲೆ ಬೇಕೆಂದಾಗ ಹೆಸರನ್ನು ಮತ್ತೆ ತರಬಹುದಲ್ಲ ಎಂದೆ. ತರಬಹುದು, ಆದರೆ ಅದು ಹೀಗೇ ಮಸುಕಾಗೇ ಬರತ್ತೆ ಎಂದರು. ಹಾಗೆಂದು ನಕಲು ತೆಗೆಯುವುದನ್ನು ಬಿಡಲಿಲ್ಲ. ಸೊಂಟದಿಂದ ಕರ್ಚೀಫು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬಾಣವನ್ನು ಆ ಹೆಸರಿನ ಮೇಲೆ ತಂದು ನಿಲ್ಲಿಸಿದರು. ಆಮೇಲೆ, ಎಲ್ಲರ ಮನೆಯಲ್ಲಿ ಕೇಳುವ ಹಾಗೆಯೇ, ಹೆಬ್ಬಾಳದ ಬಸ್ಸಿನ ದನಿಯಲ್ಲಿ ಕೇಳಿದರು.

"ಇಲ್ಲಿ ಯಾರಾದ್ರೂ ಬರ್ತಾರಾ?"

ಬಾಲ್ಕನಿಯ ಬಾಗಿಲು ತೆರೆದಿತ್ತು. ಹಾಗಲಬಳ್ಳಿಯ ನೆರಳು ಒಳಗೆ ಬಂದು ನೆಲದ ಮೇಲೆ ನಿಧಾನವಾಗಿ ಓಲಾಡುತ್ತಿತ್ತು. ಕೆಳಗೆ ಹೂವಿನವಳು ಸೇವಂತಿಗೆ ಎಂದು ಕೂಗಿಕೊಂಡು ಹೋದಳು. ಮಿಸ್ ಬೆರಳು ಮೌಸಿನ ಮೇಲೆಯೇ ಇತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ನನಗೆ ನಿದ್ದೆಯಲ್ಲಿ ಕೂತ ಹಾಗಿತ್ತು. ಅವರು ಯಾರಿಗಾಗಿ ಕಾಯುತ್ತಿದ್ದಾರೆ ಎಂದು ಯೋಚಿಸಿ, ನನಗಾಗಿ ಎಂದು ತಡವಾಗಿ ಹೊಳೆಯಿತು. ಅವರ ಮನೆಯಲ್ಲಿ ಉತ್ತರ ಹೇಳುವವರು ಬೇರೆ ಯಾರಿದ್ದರು?

"ಇಲ್ಲ ಮಿಸ್," ಎಂದೆ. "ಯಾರೂ ಬರಲ್ಲ. ನೀವು ಕೂತ್ಕೊಳಿ."

ಅವರು ತಲೆಯಾಡಿಸಿದರು. ಒತ್ತಿದರು. ತೆಗೆಯಲೇ, ಖಂಡಿತವೇ ಎಂದು ಕಂಪ್ಯೂಟರು ತಿರುಗಿ ಕೇಳಿತು.

"ನೋಡು, ಇದೂ ಕೇಳತ್ತೆ, ಪಾಪ," ಎಂದು ಇನ್ನೊಮ್ಮೆ ಒತ್ತಿದರು.

ಹೆಸರು ಹೋಯಿತು. ಹೊಸ ಕೇಬಲ್ಲಿಗೆ ಆ ನಂಬರು ಕೊಟ್ಟ ಮೇಲೆ ಮಷೀನಿನ ದೀಪ ಹತ್ತಿತು. ಸೂಜಿ ಒಂದು ಸಲ ಮೇಲೆ ಹೋಗಿ, ನಿಂತು, ಅಕ್ಕ ಬಿಟ್ಟಿದ್ದ ಸುರುಳಿಯಿಂದಲೇ ಹೊರಟಿತು. ನಾನು ರಿಂಗು ಹಿಡಿದೆ. ಮಧ್ಯಾಹ್ನದ ಊಟವನ್ನೂ ಮರೆತು ಮಿಸ್ ಬಳ್ಳಿ ನೋಡುತ್ತ ಕೂತಿದ್ದರು, ಹೂವಾಗುವುದನ್ನು, ಕಾಯಾಗುವುದನ್ನು, ಇರುವೆ ಹತ್ತುವುದನ್ನು. ಹಸಿರು ದಾರ ಹೊಸ ಉಂಡೆಯದು. ಹಳೆಯದರ ಬಣ್ಣಕ್ಕೆ ಸರಿಯಾಗಿ ಹೊಂದಲಿಲ್ಲ, ಒಂದು ಎಳೆಯಷ್ಟು ತಿಳಿ. ಬೇರೆ ದಾರ ಹುಡುಕೋಣವಾ ಎಂದೆ. ಬೇಡ ಎಂದು, ಎರಡು ಹಸಿರು ಸೇರುವಲ್ಲಿ ಬೆರಳಿಟ್ಟು ತೋರಿಸಿದರು. "ಅಕ್ಕನ ಸ್ಟಾಪು."

ಶಾಲೆಯ ಕೊನೆಯ ದಿನ ಆ ಸೀರೆ ಉಟ್ಟು, ಎಂದಿನ ಬಸ್ಸಿನಲ್ಲೇ ಹೋಗಿ ಬಂದರು. ಸಂಜೆ ಬೆಂಚಿನಲ್ಲಿ ಕೂತು, ಎಲ್ಲರೂ ಬಳ್ಳಿ ಚೆನ್ನಾಗಿದೆ ಅಂದ್ರು, ಸ್ಟಾಪ್ ಎಲ್ಲಿ ಅಂತ ಯಾರಿಗೂ ಗೊತ್ತಾಗ್ಲಿಲ್ಲ ಎಂದು ಹೇಳಿ, ಹೊಟ್ಟೆತುಂಬ ನಕ್ಕರು. ನಗುತ್ತ ಕರ್ಚೀಫಿನಿಂದ ಕಣ್ಣೊರೆಸಿಕೊಂಡರು.

ಆಮೇಲಿನ ವರ್ಷಗಳಲ್ಲಿ ಅವರ ಕೆಲಸ ಕಡಿಮೆಯಾಯಿತು. ಎಲ್ಲರೂ ಎಲ್ಲವನ್ನೂ ಫೋನಿನಲ್ಲೇ ಮಾಡತೊಡಗಿದರು. ಏನೂ ಚುಚ್ಚೋದೇ ಬೇಡವಂತೆ, ಎಲ್ಲ ಗಾಳೀಲೇ ಬರತ್ತಂತೆ ಎಂದು ಆಕಾಶ ನೋಡುತ್ತಿದ್ದರು. ಆದರೂ ಕೆಳಗಿನ ಮನೆಯ ಮುದುಕರೊಬ್ಬರ ಪ್ರಿಂಟರು ಆಗಾಗ ಹಟ ಮಾಡಿ ಅವರ ಮರ್ಯಾದೆ ಕಾಯುತ್ತಿತ್ತು.

ಮಿಸ್ ಏಳದ ಆ ದಿನ ಮಧ್ಯಾಹ್ನ ಯಶವಂತಪುರದಿಂದ ಅವರ ತಮ್ಮನ ಮಗಳು ಬಂದಳು. ಹೆಬ್ಬಾಳದ ಚಿತಾಗಾರದಲ್ಲಿ ಎಲ್ಲ ಬೇಗ ಮುಗಿಯಿತು. ಬಂದು ಸ್ನಾನ ಮಾಡಿ, ಒದ್ದೆ ಕೂದಲಿನಲ್ಲೇ ಅವಳಿಗೆ ಒಂದು ಲೋಟ ಕಾಫಿ ಕೊಡಲು ಮೇಲೆ ಹೋದೆ. ಅವಳು ಅತ್ತೆಯ ಕಂಪ್ಯೂಟರಿನ ಮುಂದೆ ನಿಂತಿದ್ದಳು. ಇದು ಆನ್ ಆಗತ್ತಾ ಆಂಟಿ, ಗುಜರಿಗೆ ಹಾಕ್ಲಾ ಎಂದು ಕೇಳಿದಳು. ಸ್ವಲ್ಪ ದಿನ ಇರಲಿ ಅಂದೆ. ನಿಮಗೆ ಏನಾದ್ರೂ ಬೇಕಿದ್ರೆ ತಗೊಳಿ ಎಂದಳು, ಒಳ್ಳೆಯ ಹುಡುಗಿ. ಬಾಲ್ಕನಿಗೆ ಹೋಗಿ ಹಗ್ಗದ ಮೇಲಿನ ಕರ್ಚೀಫನ್ನು ತೆಗೆದುಕೊಂಡೆ. ಬಿಸಿಲಿಗೆ ಪೂರಾ ಒಣಗಿ, ಜೋತುಬಿದ್ದಿದ್ದ ಮಡಿಕೆಯಲ್ಲೇ ಗರಿಗರಿಯಾಗಿತ್ತು.

ಸಂಜೆ ಮನೆಯಲ್ಲಿ ಕೂರಲಾಗಲಿಲ್ಲ. ಕಾಲು ತಾನಾಗಿ ಪಾರ್ಕಿಗೆ ನಡೆಯಿತು. ಬೆಂಚು ಖಾಲಿ ಇತ್ತು. ನನ್ನ ಕಡೆಯಲ್ಲಿ ಕೂತೆ. ಬೆಳಕು ಮಸುಕಾಗುತ್ತಿತ್ತು. ವಾಕಿಂಗಿನವರು ದೂರದಲ್ಲಿ ಬೂದು ಬೂದಾಗಿ ಎದ್ದು ಬಂದು, ಹತ್ತಿರವಾಗಿ, ಮುಖವಾಗಿ, ಮತ್ತೆ ಬೆನ್ನಾಗಿ ಹೋಗುತ್ತಿದ್ದರು. ಏರ್‌ಪೋರ್ಟ್ ರಸ್ತೆ ಎಂದಿನ ಹಾಗೆ ಹರಿಯುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ನನ್ನ ಪಕ್ಕದಲ್ಲಿ ಯಾರೋ ನಿಂತರು. ನಮ್ಮ ಬೀದಿಯ ತುದಿಯ ಹೊಸ ಅಪಾರ್ಟ್ಮೆಂಟಿಗೆ ಮೊನ್ನೆ ಮೊನ್ನೆ ಬಂದ ಹುಡುಗಿ ಸುಜಾತ. ಮಿಸ್ ಯಾರೆಂದೇ ಅವಳಿಗೆ ಗೊತ್ತಿಲ್ಲ. ವಾಕಿಂಗ್ ಮುಗಿಸಿ ಏದುಸಿರು ಬಿಡುತ್ತ, ಒಂದು ಕಿವಿಯಿಂದ ಇಯರ್‌ಫೋನ್ ತೆಗೆದು, ಬೆಂಚಿನ ಆ ಕಡೆಯಲ್ಲಿ ನಾನು ಯಾವಾಗಲೋ ಹರವಿಟ್ಟಿದ್ದ ನೀಲಿ ಚೌಕಳಿಯ ಕಡೆ ಕೈ ತೋರಿಸಿದಳು.

"ಇಲ್ಲಿ ಯಾರಾದ್ರೂ ಬರ್ತಾರಾ ಆಂಟಿ, ಇಲ್ಲ ಸುಮ್ನೆ ಇಟ್ಟಿದ್ದೀರಾ?"